ಚಳಿಗಾಲದ ನಸುಕಿನ ಓಟಕ್ಕೆ, ಸೈಕಲ್ ಸವಾರಿಗೆ ಮೈಗೆ ಇಂಧನ ತುಂಬುವುದು ಹೇಗೆ?

ಡಿಸೆಂಬರ್ ಬಂತೆಂದರೆ ಧಾರವಾಡದ ಕೆಲಗೇರಿ ಕೆರೆ ದಂಡೆಯಲ್ಲಿ ಒಂದೇ ನೋಟ. ನಸುಕಿನ ಐದೂವರೆಗೆ ಹುರುಪಿನಿಂದ ಹೊರಟವರು ಏಳೂವರೆ ಹೊತ್ತಿಗೆ ಎಲ್ಲೋ ಒಂದು ಕಟ್ಟೆಯ ಮೇಲೆ ಕೂತು ಗಡಗಡ ನಡುಗುತ್ತಿರುತ್ತಾರೆ. "ಹದಿನಾಲ್ಕು ಕಿಲೋಮೀಟರ್ ತನಕ ಮಸ್ತ್ ಇತ್ತರೀ. ಆಮ್ಯಾಲ ಕಾಲ ಏಳಲಿಲ್ಲ, ಮೈಯೆಲ್ಲಾ ಥಂಡ್ ಆತು" ಅನ್ನುತ್ತಾರೆ. ಏನು ತಿಂದು ಬಂದಿದ್ರಿ ಎಂದು ಕೇಳಿದರೆ ಉತ್ತರವೂ ಒಂದೇ: "ಏನೂ ಇಲ್ಲರೀ, ಬರೀ ಅರ್ಧ ಕಪ್ ಚಾ."

ನಾನು ವೈದ್ಯನಲ್ಲ. ಹಲವು ಚಳಿಗಾಲ ಓಡಿ, ಸೈಕಲ್ ತುಳಿದು, ಇದೇ ತಪ್ಪುಗಳನ್ನು ಮಾಡಿ ಕಲಿತವನು. ಹೆಚ್ಚಿನವರು ಸೋಲುವುದು ತಾಕತ್ತು ಇಲ್ಲದೆ ಅಲ್ಲ, ಕೆಲಸಗಳ ಕ್ರಮ ತಪ್ಪಿ. ಚಳಿ ನಮ್ಮನ್ನು ಕೆಡವುವುದು ಓಡುವಾಗ ಅಲ್ಲ, ನಿಂತಾಗ. ನಿಲ್ಲುವ ಹೊತ್ತಿಗೆ ಮೈಯಲ್ಲಿ ಇಂಧನ ಉಳಿದಿರಬೇಕೆಂದರೆ ಹಿಂದಿನ ರಾತ್ರಿಯಿಂದಲೇ ಲೆಕ್ಕ ಶುರುವಾಗಬೇಕು.

## ಮೊದಲು ಇಂಧನದ ಲೆಕ್ಕ

ಇದನ್ನು ಬಿಟ್ಟು ನೇರವಾಗಿ ಹಂತಗಳಿಗೆ ಹಾರಬೇಡಿ. ಯಾಕೆ ಎಂದು ಗೊತ್ತಿಲ್ಲದಿದ್ದರೆ ಎರಡನೇ ವಾರಕ್ಕೇ ಬಿಟ್ಟುಬಿಡುತ್ತೀರಿ.

ಓಡುವ ಮೈಗೆ ಮುಖ್ಯವಾಗಿ ಎರಡು ಇಂಧನ. ಒಂದು ಅನ್ನ, ರೊಟ್ಟಿ, ಬೆಲ್ಲದಿಂದ ಬರುವ ಪಿಷ್ಟ ಮತ್ತು ಸಕ್ಕರೆ. ಇದಕ್ಕೆ ಕಾರ್ಬ್ ಅನ್ನೋಣ. ಇನ್ನೊಂದು ಕೊಬ್ಬು. ಕಾರ್ಬ್ ಮೈಯಲ್ಲಿ ಗ್ಲೈಕೋಜನ್ ಎಂಬ ರೂಪದಲ್ಲಿ ಕೂತಿರುತ್ತದೆ. ಸ್ನಾಯುಗಳಲ್ಲಿ ಸುಮಾರು 300ರಿಂದ 500 ಗ್ರಾಂ, ಲಿವರ್‌ನಲ್ಲಿ 80ರಿಂದ 100 ಗ್ರಾಂ. ಅಷ್ಟೇ. ಕೊಬ್ಬು ಮಾತ್ರ ತೆಳ್ಳಗಿನವರಲ್ಲೂ ಕಿಲೋಗಟ್ಟಲೆ ಇರುತ್ತದೆ.

ಒಲೆ ಹೊತ್ತಿಸಿದವರಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಕಾರ್ಬ್ ಅಂದರೆ ಒಣ ತೊಗರಿಕಟ್ಟಿಗೆ. ತಟ್ಟನೆ ಹೊತ್ತುತ್ತದೆ, ಬೇಗ ಮುಗಿಯುತ್ತದೆ. ಕೊಬ್ಬು ದಪ್ಪ ಕೊರಡು. ಗಂಟೆಗಟ್ಟಲೆ ಉರಿಯುತ್ತದೆ, ಆದರೆ ನಿಧಾನ. ವೇಗ ಹೆಚ್ಚಾದಷ್ಟೂ ಮೈ ತೊಗರಿಕಟ್ಟಿಗೆಯನ್ನೇ ಕೇಳುತ್ತದೆ.

ಈಗ ಖರ್ಚು ನೋಡಿ. ಒಂದು ಕಿಲೋಮೀಟರ್ ಓಡಲು ಪ್ರತಿ ಕಿಲೋ ತೂಕಕ್ಕೆ ಸುಮಾರು ಒಂದು ಕಿಲೋಕ್ಯಾಲರಿ ಬೇಕು. 65 ಕಿಲೋ ತೂಗುವವರು 20 ಕಿಲೋಮೀಟರ್ ಓಡಿದರೆ 1300. ಒಂದು ಗ್ರಾಂ ಕಾರ್ಬ್ ಕೊಡುವುದು ಸುಮಾರು ನಾಲ್ಕು ಕಿಲೋಕ್ಯಾಲರಿ. ಅದರಲ್ಲಿ ಅರ್ಧ ಕಾರ್ಬ್‌ನಿಂದ ಬಂದರೂ ಸುಮಾರು 160 ಗ್ರಾಂ. ವೇಗ ಹೆಚ್ಚಿದರೆ 200 ದಾಟುತ್ತದೆ.

"400 ಗ್ರಾಂ ಇದೆಯಲ್ಲ, ಮತ್ಯಾಕೆ ಮುಗಿಯುತ್ತದೆ?" ಒಳ್ಳೆಯ ಪ್ರಶ್ನೆ. ಆ 400 ಗ್ರಾಂ ಕೈ, ಬೆನ್ನು, ಹೊಟ್ಟೆ ಎಲ್ಲಾ ಕಡೆಯ ಸ್ನಾಯುಗಳಲ್ಲಿ ಹರಡಿದೆ. ಸ್ನಾಯು ತನ್ನ ಗ್ಲೈಕೋಜನ್ನನ್ನು ಸಕ್ಕರೆ ಮಾಡಿ ರಕ್ತಕ್ಕೆ ಬಿಡುವುದಿಲ್ಲ. ತೋಳಿನ ದಾಸ್ತಾನು ತೊಡೆಗೆ ಸಿಗುವುದಿಲ್ಲ. ರಕ್ತಕ್ಕೆ ಸಕ್ಕರೆ ಬಿಡುವ ಕೆಲಸ ಮುಖ್ಯವಾಗಿ ಲಿವರ್‌ನದು. ಆ ಲಿವರ್ ರಾತ್ರಿಯಿಡೀ ಮೆದುಳನ್ನು ಸಾಕಿ ಬೆಳಗಿನ ಹೊತ್ತಿಗೆ ಅರ್ಧ ಖಾಲಿಯಾಗಿರುತ್ತದೆ. ಖಾಲಿ ಹೊಟ್ಟೆಯಲ್ಲಿ ಕಾಲಿಗಿಂತ ಮೊದಲು ತಲೆ ಸೋಲುವುದು ಇದಕ್ಕೇ.

ಇದರಲ್ಲಿ ಚಳಿಯ ಪಾಲೇನು? ಧಾರವಾಡದ 13–14 ಡಿಗ್ರಿ ನಸುಕು ಓಟಕ್ಕೆ ಶತ್ರುವೇ ಅಲ್ಲ. ಸೈಕಲ್ ತುಳಿಯುವವರನ್ನು 4, 11, 21, 31 ಡಿಗ್ರಿಯಲ್ಲಿ ಪರೀಕ್ಷಿಸಿದ ಒಂದು ಪ್ರಸಿದ್ಧ ಪ್ರಯೋಗವಿದೆ. ಅವರು ಎಲ್ಲಕ್ಕಿಂತ ಜಾಸ್ತಿ ಹೊತ್ತು ತುಳಿದದ್ದು 11 ಡಿಗ್ರಿಯಲ್ಲಿ. ಸುಮ್ಮನೆ ಕೂತ ಮೈ ಸುಮಾರು 100 ವಾಟ್ ಬಲ್ಬಿನಷ್ಟು ಶಾಖ ಹೊರಹಾಕುತ್ತದೆ. ಓಡುವಾಗ ಅದು ಐದಾರು ಪಟ್ಟು. ಸ್ನಾಯು ಸುಡುವ ಇಂಧನದಲ್ಲಿ ಕಾಲು ಭಾಗವಷ್ಟೇ ಕೆಲಸವಾಗುತ್ತದೆ, ಉಳಿದದ್ದೆಲ್ಲ ಶಾಖ. ಹಾಗಾಗಿ ಓಡುವವರೆಗೆ ನೀವೇ ನಡೆದಾಡುವ ಅಗ್ಗಿಷ್ಟಿಕೆ.

ಇಂಧನ ಮುಗಿದರೆ ವೇಗ ಇಳಿಯುತ್ತದೆ. ವೇಗ ಇಳಿದರೆ ಶಾಖ ಇಳಿಯುತ್ತದೆ. ಆಗ ಮೈ ಬೆಚ್ಚಗಾಗಲು ನಡುಗುತ್ತದೆ. ನಡುಕವೂ ಸ್ನಾಯುವಿನ ಕೆಲಸವೇ ಅಲ್ವಾ? ಜೋರು ನಡುಕ ಎಂದರೆ ಕೂತಿದ್ದಾಗಿನ ಐದು ಪಟ್ಟಿನವರೆಗೆ ಖರ್ಚು. ಅದಕ್ಕೂ ಗ್ಲೈಕೋಜನ್ ಬೇಕು. ರಕ್ತದಲ್ಲಿ ಸಕ್ಕರೆ ತೀರಾ ಇಳಿದರೆ ಆ ನಡುಕವೂ ಸರಿಯಾಗಿ ಬರುವುದಿಲ್ಲ. ಕೆರೆ ದಂಡೆಯ ಗೆಳೆಯರು ಸಿಕ್ಕಿಬೀಳುವುದು ಈ ಸುಳಿಯಲ್ಲಿ.

ಇನ್ನೊಂದು ನಂಬಿಕೆಯನ್ನು ಇಲ್ಲೇ ತೆಗೆದುಹಾಕೋಣ. "ಚಳಿಯೊಳಗ ಖಾಲಿ ಹೊಟ್ಟೀಲೆ ಓಡಿದ್ರ ಬೊಜ್ಜು ಜಲ್ದಿ ಕರಗತೈತಿ." ಕತ್ತು ಮತ್ತು ಕೊರಳೆಲುಬಿನ ಸುತ್ತ ಕಂದು ಕೊಬ್ಬು ಅಂತ ಒಂದು ಇರುವುದು ನಿಜ. ಚಳಿಯಾದಾಗ ಅದು ಶಾಖ ಕೊಡುತ್ತದೆ. ದೊಡ್ಡವರಲ್ಲೂ ಅದು ಕೆಲಸ ಮಾಡುತ್ತದೆ ಎಂದು 2009ರಲ್ಲಿ ಖಚಿತವಾಯಿತು. ಆದರೆ ಅದರ ಪ್ರಮಾಣ ಚಿಕ್ಕದು. ಜೋರು ನಡುಕ ಬಂದರೆ ಕಾರ್ಬ್ ಖರ್ಚು ಹೆಚ್ಚುತ್ತದೆ. ಬೊಜ್ಜಿನ ಲೆಕ್ಕ ಇಡೀ ದಿನದ ಊಟದಲ್ಲಿ ನಡೆಯುತ್ತದೆ, ಐದೂವರೆಯ ಖಾಲಿ ಹೊಟ್ಟೆಯಲ್ಲಿ ಅಲ್ಲ.

## ಬೇಕಾಗುವ ಸಾಮಾನು

ದುಬಾರಿ ಜೆಲ್, ಪೌಡರ್ ಬೇಡ. ಒಂದು ಥರ್ಮಾಸ್, ಒಂದು ಸಿಪ್ಪರ್ ಬಾಟಲಿ, ಅಡುಗೆಮನೆಯ ಚಿಕ್ಕ ತಕ್ಕಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಒಣ ಬನಿಯನ್ನು, ಒಂದು ಸ್ವೆಟರ್, ಮಂಕಿ ಕ್ಯಾಪ್. ತಿನ್ನಲು ಬೆಲ್ಲ, ಖರ್ಜೂರ, ಬಾಳೆಹಣ್ಣು, ಶೇಂಗಾ ಚಿಕ್ಕಿ. ಒಂದು ನೋಟ್‌ಬುಕ್ಕೂ ಇರಲಿ.

ತಕ್ಕಡಿ ಯಾಕೆಂದರೆ ಅಂದಾಜು ಮೋಸ ಮಾಡುತ್ತದೆ. ಒಮ್ಮೆ ತೂಗಿ ನೋಡಿ, ಆಮೇಲೆ ಕಣ್ಣಳತೆ ಸಾಕು. ಕಾರ್ಬ್ ಲೆಕ್ಕ ಹೆಚ್ಚುಕಡಿಮೆ ಹೀಗಿದೆ: 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ 35 ಗ್ರಾಂ. 50 ಗ್ರಾಂ ಒಣ ಅವಲಕ್ಕಿಯಲ್ಲಿ 38. ದೊಡ್ಡ ಪಚ್ಚಬಾಳೆಯಲ್ಲಿ 25, ಏಲಕ್ಕಿ ಬಾಳೆಯಲ್ಲಿ ಅದರ ಅರ್ಧ. 20 ಗ್ರಾಂ ಬೆಲ್ಲದಲ್ಲಿ 18. ಎರಡು ಖರ್ಜೂರದಲ್ಲಿ 10–12. ಒಂದು ಟೀ ಚಮಚ ಸಕ್ಕರೆ 5 ಗ್ರಾಂ.

## ಹಂತ 1: ಹಿಂದಿನ ರಾತ್ರಿಯ ಊಟ

ಭಾನುವಾರದ ಉದ್ದ ಓಟ ಶನಿವಾರ ರಾತ್ರಿ ಎಂಟಕ್ಕೆ ಶುರುವಾಗುತ್ತದೆ. ಸ್ನಾಯುಗಳ ಗ್ಲೈಕೋಜನ್ ರಾತ್ರಿ ನಿದ್ದೆಯಲ್ಲಿ ಖಾಲಿಯಾಗುವುದಿಲ್ಲ. ರಾತ್ರಿ ತುಂಬಿದ್ದು ಬೆಳಿಗ್ಗೆ ಕಾಲಿನಲ್ಲಿ ಇರುತ್ತದೆ.

ಅನ್ನ-ಸಾರು, ಮೆತ್ತನೆ ಚಪಾತಿ, ಬೇಳೆ ಒಳ್ಳೆಯದು. ಮನೆಯಲ್ಲಿ ಗೋಧಿ ಹುಗ್ಗಿ ಅಥವಾ ಮಾದಲಿ ಇದ್ದರೆ ಇನ್ನೂ ಒಳ್ಳೆಯದು. ಗೋಧಿ ಮತ್ತು ಬೆಲ್ಲ ಎರಡೂ ಇರುವ ಅಡುಗೆ, ಓಟಗಾರನಿಗೆಂದೇ ಮಾಡಿದಂತಿದೆ. ತುಪ್ಪ ಮಾತ್ರ ಒಂದು ಚಮಚಕ್ಕೆ ನಿಲ್ಲಿಸಿ.

ಇಲ್ಲಿ ನಮ್ಮ ಕಡೆಯವರು ಮಾಡುವ ತಪ್ಪೊಂದಿದೆ. ಚಳಿಗಾಲ ಎಂದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮೇಲೆ ಬೆಣ್ಣೆ. ನನಗೂ ಪ್ರಾಣ. ಆದರೆ ನಾರು, ಎಣ್ಣೆ, ಖಾರ ಮೂರೂ ಸೇರಿದ ಆ ಊಟ ಬೆಳಿಗ್ಗೆ ಐದಕ್ಕೆ ಹೊಟ್ಟೆಯಲ್ಲೇ ಕೂತಿರುತ್ತದೆ. ಆರನೇ ಕಿಲೋಮೀಟರಿನಲ್ಲಿ ಪೊದೆ ಹುಡುಕುವ ಪರಿಸ್ಥಿತಿ ಬೇಡ. ಅದನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಶನಿವಾರ ಸಂಜೆಯ ಮಿರ್ಚಿ-ಗಿರ್ಮಿಟ್ಟಿಗೂ ಇದೇ ಮಾತು.

ಗ್ಲೈಕೋಜನ್ ಒಂದು ಗ್ರಾಂ ಕೂತರೆ ಜೊತೆಗೆ ಸುಮಾರು ಮೂರು ಗ್ರಾಂ ನೀರೂ ಕೂರುತ್ತದೆ. ಹಾಗಾಗಿ ಬೆಳಿಗ್ಗೆ ತೂಕ ಅರ್ಧ ಕಿಲೋ ಜಾಸ್ತಿ ಕಂಡರೆ ಗಾಬರಿಯಾಗಬೇಡಿ.

## ಹಂತ 2: ಎದ್ದ ಕೂಡಲೇ ನೀರು

ಎದ್ದ ತಕ್ಷಣ ಒಂದೂವರೆ ಲೋಟ ಉಗುರು ಬೆಚ್ಚಗಿನ ನೀರು. ಇದನ್ನು ಬಿಡುವವರೇ ಜಾಸ್ತಿ. ಚಳಿಯಲ್ಲಿ ಬಾಯಾರಿಕೆ ಮಂಕಾಗುತ್ತದೆ, ಮೈ ಮಾತ್ರ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ. ಚರ್ಮದ ರಕ್ತನಾಳಗಳು ಬಿಗಿಯಾಗಿ ರಕ್ತ ಒಳಗೆ ಸರಿಯುತ್ತದೆ. ಮೈ ಅದನ್ನು ನೀರು ಹೆಚ್ಚಾಯಿತೆಂದು ತಿಳಿದು ಮೂತ್ರಕ್ಕೆ ಕಳಿಸುತ್ತದೆ. ಓಟದ ಸ್ಪರ್ಧೆಗಳಲ್ಲಿ ಶುರುವಿಗೆ ಮುಂಚೆ ಶೌಚಾಲಯದ ಮುಂದೆ ಅಷ್ಟುದ್ದ ಸಾಲು ಯಾಕೆ ಎಂದುಕೊಂಡಿರಿ? ತುಟಿ ಒಡೆಯುವ ಒಣ ಗಾಳಿ ಉಸಿರಿನಿಂದಲೂ ನೀರು ಎಳೆಯುತ್ತದೆ.

ಮೂತ್ರ ತಿಳಿ ಹಳದಿ ಇದ್ದರೆ ಸಾಕು. ಗಾಢ ಹಳದಿ ಇದ್ದರೆ ಹೊರಡುವ ಮುಂಚೆ ಇನ್ನೊಂದು ಲೋಟ.

## ಹಂತ 3: ಹೊರಡುವ ಮುಂಚಿನ ತುತ್ತು

ಎಲ್ಲರಿಗೂ ಎಲ್ಲ ದಿನವೂ ಇದು ಬೇಕಿಲ್ಲ. ನಿಮ್ಮ ಓಟ ಎಷ್ಟುದ್ದ ಎಂಬುದರ ಮೇಲೆ ನಿರ್ಧಾರ.

ಮುಕ್ಕಾಲು ಗಂಟೆಯೊಳಗಿನ ಹಗುರ ಓಟವೇ? ನೀರು ಕುಡಿದು ಹೋಗಿ, ಖಾಲಿ ಹೊಟ್ಟೆ ನಡೆಯುತ್ತದೆ.

ಒಂದು ಗಂಟೆ ದಾಟುತ್ತದೆಯೇ? ಪ್ರತಿ ಕಿಲೋ ತೂಕಕ್ಕೆ ಒಂದು ಗ್ರಾಂ ಕಾರ್ಬ್ ಗುರಿ ಇಟ್ಟುಕೊಳ್ಳಿ. 60 ಕಿಲೋದವರಿಗೆ ಸುಮಾರು 60 ಗ್ರಾಂ. ಒಂದು ಪಚ್ಚಬಾಳೆ, 20 ಗ್ರಾಂ ಬೆಲ್ಲ, ಎರಡು ಚಮಚ ಸಕ್ಕರೆ ಹಾಕಿದ ಚಹಾ ಸೇರಿದರೆ 53 ಆಯಿತು. ಹೊರಡುವ ಒಂದು ಗಂಟೆ ಮುಂಚೆ ತಿನ್ನಿ. ಹೆಚ್ಚು ಸಮಯ ಇದ್ದರೆ ಅವಲಕ್ಕಿ ಅಥವಾ ಕಡಿಮೆ ಎಣ್ಣೆಯ ಉಪ್ಪಿಟ್ಟು.

"ಬರೀ ಚಾ" ಯಾಕೆ ಸಾಲದು ಎಂದು ಈಗ ಗೊತ್ತಾಯಿತಲ್ಲ? ಅರ್ಧ ಕಪ್‌ನಲ್ಲಿ ಒಂದು ಚಮಚ ಸಕ್ಕರೆ ಎಂದರೆ 5 ಗ್ರಾಂ. ಅದು ಅರ್ಧ ಕಿಲೋಮೀಟರ್ ದಾಟಿಸಿದರೆ ಪುಣ್ಯ.

ಕೆಲವರಿಗೆ ಓಟಕ್ಕೆ ಅರ್ಧ-ಮುಕ್ಕಾಲು ಗಂಟೆ ಮುಂಚೆ ಸಿಹಿ ತಿಂದರೆ ಶುರುವಿನಲ್ಲೇ ತಲೆ ಹಗುರಾಗಿ ಕೈ ನಡುಗುತ್ತದೆ. ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಮೇಲೇರಿದ ಹೊತ್ತಿಗೆ ಸರಿಯಾಗಿ ಓಟವೂ ಸಕ್ಕರೆ ಎಳೆಯಲು ಶುರು ಮಾಡುವುದು ಇದಕ್ಕೆ ಕಾರಣ. ನಿಮಗೆ ಹೀಗಾದರೆ ತಿನ್ನುವುದನ್ನು ಬಿಡಬೇಡಿ, ಹೊತ್ತು ಬದಲಿಸಿ. ವಾರ್ಮ್‌ಅಪ್ ಮುಗಿಸಿ ಹೊರಡುವ ಐದು ನಿಮಿಷ ಮುಂಚೆ ತಿನ್ನಿ.

ಅವ್ವ ಪ್ರೀತಿಯಿಂದ ಕೊಡುವ ಅಂಟಿನ ಉಂಡೆ? ಕೊಬ್ಬರಿ, ಉತ್ತತ್ತಿ, ತುಪ್ಪ, ಅಂಟು ತುಂಬಿದ ಆ ಉಂಡೆ ಕೊರಡಿನ ಜಾತಿಯದು, ನಿಧಾನಕ್ಕೆ ಕರಗುತ್ತದೆ. "ಬಂದ ಮ್ಯಾಲ ತಿಂತೀನಿಬೇ" ಅಂತ ಹೇಳಿ ಹೊರಡಿ. ಪೇಡಾನೂ ಹಾಗೆಯೇ. ಓಡುತ್ತಾ ಖೋವಾ ತಿಂದು ನೋಡಿದ್ದೇನೆ, ಎರಡನೇ ಸಲ ತಿನ್ನಲಿಲ್ಲ.

## ಹಂತ 4: ಮನೆಯೊಳಗೇ ವಾರ್ಮ್‌ಅಪ್

ತಣ್ಣಗಿರುವ ಸ್ನಾಯು ದುಂದುಗಾರ. ಆಮ್ಲಜನಕ ಬಳಸುವ ವ್ಯವಸ್ಥೆ ಚುರುಕಾಗುವವರೆಗೆ ಅದು ಗ್ಲೈಕೋಜನ್ನನ್ನು ಅರ್ಧಂಬರ್ಧ ಸುಡುತ್ತದೆ, ಆ ಅರೆಸುಡುವಿಕೆಯಲ್ಲಿ ಹುಟ್ಟುವ ಲ್ಯಾಕ್ಟೇಟ್ ಏರುತ್ತದೆ, ತೊಡೆ ಭಾರವಾಗುತ್ತದೆ. ಹತ್ತು ನಿಮಿಷ ಮನೆಯೊಳಗೇ ಮೆಟ್ಟಿಲು ಹತ್ತಿಳಿಯಿರಿ, ಮಂಡಿ ಎತ್ತಿ ನಿಂತಲ್ಲೇ ಜಿಗಿಯಿರಿ, ತೋಳು ಸುತ್ತಿಸಿ. ಸಣ್ಣಗೆ ಬೆವರು ಮೂಡುವ ಮುಂಚೆ ನಿಲ್ಲಿಸಿ ಹೊರಬೀಳಿ.

ಧಾರವಾಡದ ರೂಮುಗಳಲ್ಲಿದ್ದು ಪೊಲೀಸ್ ನೇಮಕಾತಿಗೆ ತಯಾರಾಗುವ ಹುಡುಗ ಹುಡುಗಿಯರಿಗೆ ಈ ಹಂತವೇ ಎಲ್ಲಕ್ಕಿಂತ ಮುಖ್ಯ. ಹುಡುಗರ 1600 ಮೀಟರ್ ಅಂದರೆ ಆರೇಳು ನಿಮಿಷದ ಓಟ. ಅಷ್ಟರಲ್ಲಿ ಗ್ಲೈಕೋಜನ್ ಖಾಲಿಯಾಗುವುದಿಲ್ಲ. ಅಲ್ಲಿ ಸೋಲುವುದು ತಣ್ಣನೆ ಕಾಲಲ್ಲಿ ಮೊದಲ 400 ಮೀಟರ್ ಹುಚ್ಚು ವೇಗದಲ್ಲಿ ಓಡಿ. "ಸರ್ರ, ಎರಡನೇ ರೌಂಡಿಗೇ ಎದಿ ಹಿಡಕೊಳ್ಳಾಕ ಹತ್ತೇತ್ರಿ" ಎಂದು ಒಬ್ಬ ಹುಡುಗ ಕೇಳಿದ್ದ. ಮೊದಲು ಎದೆಗೆ ಬೇರೆ ತೊಂದರೆ ಇಲ್ಲ ಎಂದು ವೈದ್ಯರಲ್ಲಿ ಖಚಿತ ಮಾಡಿಕೊಂಡು ಬಾ ಎಂದೆ. ಆಮೇಲೆ ಅವನು ಬದಲಿಸಿದ್ದು ಎರಡೇ ಸಂಗತಿ: ಹದಿನೈದು ನಿಮಿಷ ವಾರ್ಮ್‌ಅಪ್, ಅದರ ಕೊನೆಗೆ 80 ಮೀಟರಿನ ಮೂರು ಚುರುಕು ಓಟ. ಸರದಿಗೆ ಕಾಯುವಾಗ ಸ್ವೆಟರ್ ತೆಗೆಯಬೇಡಿ, ನಿಮ್ಮ ನಂಬರ್ ಕೂಗಿದ ಮೇಲೆ ತೆಗೆಯಿರಿ. ಗಂಟೆಗಟ್ಟಲೆ ಕಾಯಿಸಿದರೆ ಒಂದು ಬಾಳೆಹಣ್ಣು ತಿಂದಿರಿ.

## ಹಂತ 5: ದಾರಿಯಲ್ಲಿ ತಿನ್ನುವುದು, ಕುಡಿಯುವುದು

ಒಂದೂವರೆ ಗಂಟೆ ದಾಟುವ ಓಟ ಅಥವಾ ಸವಾರಿಗೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ ಬೇಕು. ಮೊದಲ ತುತ್ತು 40ನೇ ನಿಮಿಷಕ್ಕೆ. ಹಸಿವಾದಾಗ ಅಲ್ಲ, ಗಡಿಯಾರ ನೋಡಿ. ಹಸಿವು ಬರುವ ಹೊತ್ತಿಗೆ ತಡವಾಗಿರುತ್ತದೆ. ಆಮೇಲೆ ಪ್ರತಿ 20–25 ನಿಮಿಷಕ್ಕೆ ಒಮ್ಮೆ ಎರಡು ಖರ್ಜೂರ, ಇಲ್ಲವೇ ಒಂದು ಚೂರು ಬೆಲ್ಲ, ಇಲ್ಲವೇ ಒಂದು ಏಲಕ್ಕಿ ಬಾಳೆ.

ಕುಡಿಯಲು ಮನೆಯಲ್ಲೇ ಪಾನಕ ಮಾಡಿ. ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ ಅಥವಾ ಬೆಲ್ಲ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ಇದಕ್ಕಿಂತ ಸಿಹಿ ಮಾಡಿದರೆ ಹೊಟ್ಟೆ ತೊಳಸುತ್ತದೆ. ಭೇದಿಗೆ ಕೊಡುವ ಓಆರ್‌ಎಸ್ ಬೇರೆ, ಅದರಲ್ಲಿ ಸಕ್ಕರೆ ಕಡಿಮೆ, ಉಪ್ಪು ಜಾಸ್ತಿ. ಬಿಸಿ ಮಾಡಿ ಥರ್ಮಾಸಿಗೆ ಹಾಕಿದರೆ ಕುಡಿಯಲು ಮನಸ್ಸಾಗುತ್ತದೆ. ಪ್ರತಿ ಕಾಲು ಗಂಟೆಗೆ ಎರಡು-ಮೂರು ಗುಟುಕು, ಗಂಟೆಗೆ 300ರಿಂದ 500 ಮಿ.ಲೀ. ಸಾಕು. ಲೀಟರ್‌ಗಟ್ಟಲೆ ಬರೀ ನೀರು ಕುಡಿಯುವುದೂ ತಪ್ಪು, ರಕ್ತದ ಉಪ್ಪಿನಂಶ, ಅಂದರೆ ಸೋಡಿಯಂ, ಇಳಿಯುತ್ತದೆ.

ನನ್ನ ಕಥೆ ಇಲ್ಲಿ ಹೇಳಲೇಬೇಕು. ಒಂದು ಜನವರಿ ಹುಬ್ಬಳ್ಳಿಯಿಂದ ಗದಗಿಗೆ ಸೈಕಲ್ ಹೊಡೆದೆ. ಹೆಚ್ಚುಕಡಿಮೆ 58 ಕಿಲೋಮೀಟರ್, ಸಪಾಟು ರಸ್ತೆ, ಏನು ಮಹಾ ಎಂದುಕೊಂಡಿದ್ದೆ. ಚಳಿಗಾಲದಲ್ಲಿ ನಮ್ಮ ಬಯಲಲ್ಲಿ ಗಾಳಿ ಮೂಡಣದಿಂದ ಬೀಸುತ್ತದೆ. ಗದಗಿಗೆ ಹೋಗುವವನಿಗೆ ಅದು ಎದುರುಗಾಳಿ. ಎರಡೂ ಜೇಬು ತುಂಬ ಚಿಕ್ಕಿ ಇತ್ತು. ಗದಗ ಮುಟ್ಟಿ ತಿನ್ನೋಣ ಎಂದು ಬಿಟ್ಟೆ. ಅಣ್ಣಿಗೇರಿ ದಾಟಿದ ಮೇಲೆ ತುಳಿತ ಸತ್ತೇಹೋಯಿತು. ಬೆವರಿದ ಅಂಗಿಗೆ ಗಾಳಿ ಹೊಡೆದು ಹಲ್ಲು ಕಟಕಟ ಅನ್ನತೊಡಗಿತು. ಈಗ ತಿನ್ನೋಣ ಎಂದರೆ ಬೆರಳು ಮರಗಟ್ಟಿ ಚಿಕ್ಕಿಯ ಪ್ಲಾಸ್ಟಿಕ್ ಬಿಚ್ಚಲು ಆಗಲಿಲ್ಲ! ಜೇಬು ತುಂಬ ಊಟ ಇಟ್ಟುಕೊಂಡು ಹಸಿದು ಕೂತ ಮನುಷ್ಯ. ಕಡಲೆ ಹೊಲದಲ್ಲಿದ್ದ ಅಜ್ಜ ಒಬ್ಬರು ನೋಡಿ ಬಂದು ಬುತ್ತಿಯಿಂದ ಬೆಲ್ಲ ತೆಗೆದು ಕೈಗಿಟ್ಟರು. "ಮೊದ್ಲ ಇದನ್ನ ತಿನ್ನಪಾ, ಆಮ್ಯಾಗ ಮಾತಾಡುವಂತಿ." ಹೆಗಲ ಮೇಲಿನ ಕಂಬಳಿಯನ್ನೂ ಹೊದಿಸಿದರು. ಕಾಲು ಗಂಟೆಯಲ್ಲಿ ಮಾತು ಸರಿಯಾಯಿತು.

ಅವತ್ತಿನಿಂದ ಎಲ್ಲ ತಿನಿಸನ್ನೂ ಮನೆಯಲ್ಲೇ ಬಿಚ್ಚಿ, ಚೂರು ಮಾಡಿ, ಬಾಯಿ ತೆರೆದ ಕಾಗದದ ಪೊಟ್ಟಣದಲ್ಲಿ ಒಳಜೇಬಿಗೆ ಹಾಕುತ್ತೇನೆ. ಮೈ ಶಾಖಕ್ಕೆ ಚಿಕ್ಕಿ ಕಲ್ಲಾಗುವುದಿಲ್ಲ. ಕೈಗವಸು ಹಾಕಿಕೊಂಡೇ ತೆಗೆದು ತಿನ್ನಲು ಬರುತ್ತದೆಯೇ ಎಂದು ಮನೆಯಲ್ಲೇ ಒಮ್ಮೆ ನೋಡಿ.

ಸೈಕಲ್‌ನವರು ಇಳಿಜಾರಿನ ಬಗ್ಗೆ ಎಚ್ಚರ ವಹಿಸಬೇಕು. ಕಪ್ಪತಗುಡ್ಡದ ಏರು ಹತ್ತುವಾಗ ಬೆವರುತ್ತೀರಿ. ಇಳಿಯುವಾಗ ಕಾಲಿಗೆ ಕೆಲಸವಿಲ್ಲ, ಶಾಖ ಹುಟ್ಟುವುದಿಲ್ಲ, ಗಾಳಿ ಮಾತ್ರ ದುಪ್ಪಟ್ಟು. ತಿನ್ನುವುದು, ಜಾಕೆಟ್ ಹಾಕುವುದು ಎರಡೂ ಮೇಲಿದ್ದಾಗಲೇ ಮುಗಿಯಬೇಕು. ಅರ್ಧ ಇಳಿದ ಮೇಲೆ ಅಲ್ಲ.

## ಹಂತ 6: ನಿಂತ ಮೇಲಿನ ಹತ್ತು ನಿಮಿಷ

ಎಲ್ಲರೂ ಕೆಡಿಸುವ ಹಂತ ಇದು. ನಿಂತ ಕೂಡಲೇ ಶಾಖ ಹುಟ್ಟುವುದು ಕಡಿಮೆಯಾಗುತ್ತದೆ. ಬೆವರಿದ ಬಟ್ಟೆ ಮಾತ್ರ ಶಾಖ ಎಳೆಯುತ್ತಲೇ ಇರುತ್ತದೆ. ನಾವು ಮಾಡುವುದೇನು? ಮೊದಲು ಸೆಲ್ಫಿ, ಆಮೇಲೆ ಹರಟೆ, ಆಮೇಲೆ ಉಣಕಲ್ ಕೆರೆ ಹತ್ತಿರ ಚಹಾದಂಗಡಿ ಹುಡುಕುವುದು. ಒದ್ದೆ ಬನಿಯನ್ನು ಮನೆ ಮುಟ್ಟುವವರೆಗೂ ಮೈಮೇಲೆ.

ಕ್ರಮ ಹೀಗಿರಲಿ:

1. ಐದು ನಿಮಿಷ ನಡೆಯಿರಿ, ತಟ್ಟನೆ ಕೂರಬೇಡಿ.
2. ಒದ್ದೆ ಬನಿಯನ್ನು ತೆಗೆದು ಒಣದು ಹಾಕಿ. ಒದ್ದೆಯ ಮೇಲೆ ಸ್ವೆಟರ್ ಹಾಕಿದರೆ ಪ್ರಯೋಜನವಿಲ್ಲ.
3. ತಲೆ, ಕಿವಿ ಮುಚ್ಚಿ.
4. ಥರ್ಮಾಸಿನ ಬಿಸಿ ಸಿಹಿ ಪಾನಕ ಕುಡಿಯಿರಿ.
5. ಸೆಲ್ಫಿ ಈಗ.

ಮಹಿಳೆಯರಿಗೆ ದಾರಿಯಲ್ಲಿ ಬಟ್ಟೆ ಬದಲಿಸುವುದು ಸುಲಭವಲ್ಲ, ಗೊತ್ತು. ನಮ್ಮ ಗುಂಪಿನ ಅಕ್ಕಂದಿರು ಕಂಡುಕೊಂಡ ಉಪಾಯ ಇದು: ಹೊರಡುವಾಗಲೇ ಬೆನ್ನಿಗೂ ಅಂಗಿಗೂ ನಡುವೆ ತೆಳು ಹತ್ತಿ ಟವೆಲ್ ಹಾಕಿಕೊಳ್ಳುವುದು. ಮುಗಿದ ಮೇಲೆ ಕುತ್ತಿಗೆಯಿಂದ ಅದನ್ನು ಎಳೆದು ತೆಗೆದರೆ ಬೆನ್ನು ಒಣಗಿರುತ್ತದೆ.

## ಹಂತ 7: ಮನೆಗೆ ಬಂದ ಮೇಲೆ

ಒಂದು ಗಂಟೆಯೊಳಗೆ ತಿನ್ನಿ. ಕಾರ್ಬ್ ಜೊತೆ 20–25 ಗ್ರಾಂ ಪ್ರೋಟೀನ್ ಇರಲಿ. ಉಪ್ಪಿಟ್ಟು ಮತ್ತು ಮೂರು ಮೊಟ್ಟೆ, ಅಥವಾ ರೊಟ್ಟಿ, ಮಡಕೆಕಾಳು ಪಲ್ಯ, ದೊಡ್ಡ ಬಟ್ಟಲು ಮೊಸರು. ಅವ್ವನ ಅಂಟಿನ ಉಂಡೆಗೆ ಈಗ ಸರಿಯಾದ ಹೊತ್ತು.

ಓಟದ ಮುಂಚೆ ಮತ್ತು ನಂತರ ತೂಕ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. 60 ಕಿಲೋದವರಿಗೆ 1.2 ಕಿಲೋಗಿಂತ ಜಾಸ್ತಿ ಇಳಿದಿದ್ದರೆ, ಅಂದರೆ ಶೇಕಡಾ 2 ದಾಟಿದ್ದರೆ, ದಾರಿಯಲ್ಲಿ ಕುಡಿದದ್ದು ಸಾಲಲಿಲ್ಲ. ಏನು ತಿಂದಿರಿ, ಎಷ್ಟನೇ ನಿಮಿಷಕ್ಕೆ ತಿಂದಿರಿ, ಎಲ್ಲಿ ಸುಸ್ತಾಯಿತು ಎಂದೂ ಬರೆಯಿರಿ. ನಾಲ್ಕು ಭಾನುವಾರ ಬರೆದರೆ ನಿಮ್ಮ ಹೊಟ್ಟೆಯ ಸ್ವಭಾವ ನಿಮಗೇ ಗೊತ್ತಾಗುತ್ತದೆ. ಸ್ಪರ್ಧೆಯ ದಿನ ಹೊಸ ತಿನಿಸು ಪ್ರಯೋಗಿಸಬೇಡಿ.

## ಅಪಾಯದ ಸೂಚನೆಗಳು

ಚಳಿ ಮೈಗೆ ಹತ್ತಿದೆ ಎಂಬುದು ಹತ್ತಿದವರಿಗೆ ಗೊತ್ತಾಗುವುದಿಲ್ಲ. ಪಕ್ಕದವರು ನೋಡಬೇಕು. ನಾಲ್ಕು ಲಕ್ಷಣ ನೆನಪಿಡಿ: ಸಪಾಟು ನೆಲದಲ್ಲಿ ಎಡವುವುದು, ಮಾತು ತೊದಲುವುದು, ಕೈಯಿಂದ ವಸ್ತು ಜಾರಿ ಬೀಳುವುದು, ಕಾರಣವಿಲ್ಲದೆ ಸಿಡುಕುವುದು. ರಕ್ತದ ಸಕ್ಕರೆ ಇಳಿದಾಗಲೂ ಹೆಚ್ಚುಕಡಿಮೆ ಇವೇ ಕಾಣುತ್ತವೆ, ಜೊತೆಗೆ ತಣ್ಣನೆ ಬೆವರು. ಯಾವುದು ಎಂದು ಚರ್ಚೆ ಮಾಡುತ್ತಾ ನಿಲ್ಲಬೇಡಿ. ಪ್ರಜ್ಞೆ ಇದ್ದು ನುಂಗಲು ಬಂದರೆ 15 ಗ್ರಾಂ ಸಕ್ಕರೆ, ಅಂದರೆ ಮೂರು ಚಮಚ, ನೀರಿನಲ್ಲಿ ಕೊಡಿ. ಒಣ ಬಟ್ಟೆ ಹಾಕಿ ಗಾಳಿ ಮರೆಗೆ ಕರೆದೊಯ್ಯಿರಿ. 15 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಟ್ಟು 108ಕ್ಕೆ ಕರೆ ಮಾಡಿ.

ಜೋರಾಗಿ ನಡುಗುತ್ತಿದ್ದವರು ಇನ್ನೂ ಬೆಚ್ಚಗಾಗುವ ಮೊದಲೇ ನಡುಗುವುದನ್ನು ನಿಲ್ಲಿಸಿದರೆ ಅದು ಸುಧಾರಣೆಯಲ್ಲ. ತಕ್ಷಣ ಆಸ್ಪತ್ರೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ.

ಎದೆ ಬಿಗಿತ, ಎಡತೋಳಿಗೆ ಅಥವಾ ದವಡೆಗೆ ಹರಡುವ ನೋವು ಬಂದರೆ ಗ್ಯಾಸ್ ಎಂದು ಕಾಯಬೇಡಿ. ಚಳಿಯಲ್ಲಿ ರಕ್ತನಾಳ ಬಿಗಿದು ರಕ್ತದೊತ್ತಡ ಏರುತ್ತದೆ, ಹೃದಯಕ್ಕೆ ಕೆಲಸ ಹೆಚ್ಚುತ್ತದೆ. ಆಸ್ತಮಾ ಇರುವವರು ಮೂಗು-ಬಾಯಿಗೆ ಮಫ್ಲರ್ ಸುತ್ತಿಕೊಳ್ಳಿ, ಇನ್‌ಹೇಲರ್ ಜೇಬಿನಲ್ಲಿರಲಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಮೇಲಿನ ಗ್ರಾಂ ಲೆಕ್ಕವನ್ನು ಹಾಗೇ ಪಾಲಿಸಬೇಡಿ. ಡೋಸ್, ತಿನ್ನುವ ಹೊತ್ತು ಎರಡನ್ನೂ ನಿಮ್ಮ ವೈದ್ಯರ ಜೊತೆ ಕೂತು ಗೊತ್ತುಮಾಡಿಕೊಳ್ಳಿ. ನಸುಕಿನಲ್ಲಿ ಒಬ್ಬರೇ ಹೋಗಬೇಡಿ. ಚಳಿಯ ನಡುಕ ಸಕ್ಕರೆ ಇಳಿದ ನಡುಕವನ್ನು ಮರೆಮಾಡುತ್ತದೆ.

## ಹಿಮಾಲಯಕ್ಕೆ ಹೊರಟವರಿಗೆ

ಇತ್ತೀಚೆಗೆ ಹುಬ್ಬಳ್ಳಿ-ಧಾರವಾಡದಿಂದ ಹಿಮದ ಟ್ರೆಕ್‌ಗೆ ಹೋಗುವವರು ಹೆಚ್ಚಿದ್ದಾರೆ. ನೃಪತುಂಗ ಬೆಟ್ಟದ ಮೆಟ್ಟಿಲು ಹತ್ತಿ ತಯಾರಿ ಮಾಡುತ್ತಾರೆ, ಒಳ್ಳೆಯದೇ. ಆದರೆ ಇಲ್ಲಿನ 14 ಡಿಗ್ರಿಗೂ ಅಲ್ಲಿನ ಸೊನ್ನೆಗಿಂತ ಕೆಳಗಿನ ಚಳಿಗೂ ಹೋಲಿಕೆಯಿಲ್ಲ. ಎತ್ತರದಲ್ಲಿ ಹಸಿವು ಸಾಯುತ್ತದೆ, ಖರ್ಚು ಮಾತ್ರ ಏರುತ್ತದೆ. ಅಲ್ಲಿ ಹಸಿವಿಗೆ ಕಾಯದೆ ಗಂಟೆಗೊಮ್ಮೆ ತಿನ್ನುವುದು ಕೆಲಸ ಎಂದುಕೊಳ್ಳಿ.

ಮಲಗುವ ಮುಂಚೆ ಒಂದು ಹಿಡಿ ಶೇಂಗಾ-ಬೆಲ್ಲ ಅಥವಾ ಕರದಂಟು ತಿನ್ನಿ. ನಿಧಾನಕ್ಕೆ ಕರಗುವ ಕೊಬ್ಬು ರಾತ್ರಿಯಿಡೀ ಇಂಧನ ಕೊಡುತ್ತದೆ. ಓಟಕ್ಕೆ ಬೇಡ ಎಂದ ತಿನಿಸೇ ಇಲ್ಲಿ ಬೇಕು. "ಬೆಚ್ಚಗಾಗಲು ಎರಡು ಗುಟುಕು ಬ್ರಾಂದಿ" ಎನ್ನುವವರ ಮಾತು ಕೇಳಬೇಡಿ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಬಿಡುತ್ತದೆ. ಲಿವರ್ ಹೊಸ ಸಕ್ಕರೆ ತಯಾರಿಸುವುದನ್ನೂ ತಡೆಯುತ್ತದೆ.

ಶಿಖರಕ್ಕೆ ನಡುರಾತ್ರಿ ಹೊರಡುವಾಗ ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಟ್ಟುಕೊಳ್ಳಿ. ನೀರು ಮೇಲ್ಭಾಗದಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳ ಸಿಕ್ಕಿಕೊಳ್ಳುವುದಿಲ್ಲ. ಖರ್ಜೂರದ ಬೀಜ ಮನೆಯಲ್ಲೇ ತೆಗೆದಿರಿ. ಪೊಟ್ಟಣ ಜಾಕೆಟ್ಟಿನ ಒಳಜೇಬಿನಲ್ಲಿರಲಿ, ಬೆನ್ನಚೀಲದಲ್ಲಿ ಅಲ್ಲ. ಆ ಗಾಳಿಯಲ್ಲಿ ನಿಂತು ಚೀಲ ಇಳಿಸಿ, ಜಿಪ್ಪು ಬಿಚ್ಚಿ ತಿನ್ನುವ ಮನಸ್ಸು ಯಾರಿಗೂ ಬರುವುದಿಲ್ಲ.